ಒಂದೇ ಒಂದು ಲೈಕ್ ಸಾಕು, ಊರಿಗೆಲ್ಲ ನೀವು ಗೊತ್ತು!

ಹತ್ತು. ಬರೀ 10 ಲೈಕ್! ಫೇಸ್‌ಬುಕ್‌ನಲ್ಲಿ ನೀವು ಒತ್ತಿದ ಹೆಬ್ಬೆರಳುಗಳಲ್ಲಿ ಹತ್ತನ್ನು ಹೆಕ್ಕಿ ಕಂಪ್ಯೂಟರಿಗೆ ಉಣಿಸಿದರೆ ಸಾಕು, ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರಿಗಿಂತ ಚೆನ್ನಾಗಿ ಅದು ನಿಮ್ಮ ಸ್ವಭಾವ ಹೇಳುತ್ತದೆ. 70 ಉಣಿಸಿದರೆ ಜೊತೆಯಲ್ಲಿ ರೂಮು ಮಾಡಿಕೊಂಡಿದ್ದ ಗೆಳೆಯನೂ ಸೋಲುತ್ತಾನೆ. 150ಕ್ಕೆ ಅಪ್ಪ, ಅಮ್ಮ, ಒಡಹುಟ್ಟಿದವರು ಹಿಂದೆ ಬೀಳುತ್ತಾರೆ. 300 ದಾಟಿತೋ, ಕಟ್ಟಿಕೊಂಡ ಗಂಡ ಅಥವಾ ಹೆಂಡತಿಗೇ ಅದು ಪೈಪೋಟಿ ಕೊಡುತ್ತದೆ! ಇದು ಯಾರೋ ಕಟ್ಟಿದ ಅಡಗೂಲಜ್ಜಿ ಕಥೆಯಲ್ಲ. ಯೂಯೂ ವು, ಮಿಖಾಲ್ ಕೊಸಿನ್ಸ್ಕಿ, ಡೇವಿಡ್ ಸ್ಟಿಲ್‌ವೆಲ್ ಎಂಬ ಮೂವರು 86,220 ಜನರ ಲೈಕ್‌ಗಳನ್ನು ಜಾಲಾಡಿ 2015ರಲ್ಲಿ ಲೋಕದ ಮುಂದಿಟ್ಟ ಲೆಕ್ಕ. ಆ ಅಷ್ಟೂ ಜನ ತಮ್ಮ ಸ್ವಭಾವದ ಬಗ್ಗೆ ನೂರು ಪ್ರಶ್ನೆಗಳಿಗೆ ಉತ್ತರ ಬರೆದಿದ್ದರು. ಆ ಉತ್ತರಕ್ಕೆ ಯಂತ್ರ ಎಷ್ಟು ಹತ್ತಿರ ಹೋಯಿತು, ಬಲ್ಲವರು ಎಷ್ಟು ಹತ್ತಿರ ಹೋದರು ಎಂದು ತೂಗಿ ನೋಡಿದ್ದು.

ಈ ಲೆಕ್ಕವನ್ನು ಶ್ರೀನಿವಾಸಪುರದ ಬಸ್ ನಿಲ್ದಾಣದ ಪಕ್ಕ ನಿಂತು ಹೇಳಿ ನೋಡಿ. ನಗುತ್ತಾರೆ. ಹತ್ತು ಯಾಕೆ ಸ್ವಾಮಿ, ಇಲ್ಲಿ ಒಂದೇ ಸಾಕಲ್ಲ!

ಯಾಕೆ ಅಂತೀರಾ? ಕೋಲಾರ ಜಿಲ್ಲೆಯ ಈ ಕ್ಷೇತ್ರದಲ್ಲಿ 1978ರಿಂದ 2023ರವರೆಗೆ ನಡೆದ ಎಲ್ಲ ವಿಧಾನಸಭಾ ಸಾರ್ವತ್ರಿಕ ಚುನಾವಣೆಗಳನ್ನೂ ಗೆದ್ದವರು ಇಬ್ಬರೇ: ಕೆ.ಆರ್. ರಮೇಶ್ ಕುಮಾರ್, ಜಿ.ಕೆ. ವೆಂಕಟಶಿವಾರೆಡ್ಡಿ. ಅದೂ ಹೇಗೆ? ಒಮ್ಮೆ ಇವರು, ಒಮ್ಮೆ ಅವರು, 2013ರವರೆಗೆ ಸರದಿ ತಪ್ಪಿದ್ದೇ ಇಲ್ಲ! 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೇ ಸಲ ಗೆದ್ದಾಗ ಸರದಿ ಮುರಿಯಿತು, 2023ರಲ್ಲಿ ರೆಡ್ಡಿಯವರು ಮತ್ತೆ ಬಂದರು. ಪಕ್ಷಗಳು ಬದಲಾದವು, ಚಿಹ್ನೆಗಳು ಬದಲಾದವು, ಎರಡು ಕಡೆ ಮಾತ್ರ ಎರಡೇ ಕಡೆಯಾಗಿ ಉಳಿದವು. ಇಂಥ ತಾಲ್ಲೂಕಿನಲ್ಲಿ ಒಬ್ಬ ನಾಯಕರ ಹುಟ್ಟುಹಬ್ಬದ ಪೋಸ್ಟಿಗೆ ಒಂದು ಕೆಂಪು ಹೃದಯ ಒತ್ತಿದಿರಿ ಎನ್ನಿ. ಸಂಜೆಯೊಳಗೆ ಟೀ ಅಂಗಡಿಯಲ್ಲಿ ನೀವು 'ಆ ಕಡೆಯವರು'. ಬಾಯಿಬಿಟ್ಟು ಒಂದು ಮಾತಾಡಿಲ್ಲ, ಒಂದು ಸಾಲು ಬರೆದಿಲ್ಲ. ಬೆರಳು ಆಡಿದ್ದು ಅರ್ಧ ಸೆಕೆಂಡು!

ಈ ಊರಿನವರಿಗೆ ಇಂಥ ಓದು ಹೊಸದೇನೂ ಅಲ್ಲ. ಮಾವಿನ ಕಾಲದಲ್ಲಿ ಇಲ್ಲಿನ ಮಂಡಿಗಳಿಗೆ ಬಂದು ನೋಡಿ. ಮೇ, ಜೂನ್ ಬಂತೆಂದರೆ ಟ್ರ್ಯಾಕ್ಟರು, ಟೆಂಪೋ, ಲಾರಿಗಳ ಸಾಲು. ತೋತಾಪುರಿ, ಬಾದಾಮಿ, ರಸಪೂರಿ, ನೀಲಂ, ಬೇನಿಷಾ. ನೆಲದ ಮೇಲೆ ಸುರಿದ ರಾಶಿಯ ಮುಂದೆ ಪಳಗಿದ ವ್ಯಾಪಾರಿ ಬಂದು ನಿಲ್ಲುತ್ತಾನೆ. ಅವನು ನೋಡುವುದು ರಾಶಿಯ ನೆತ್ತಿಯಲ್ಲಿ ಮಿನುಗುವ ದಪ್ಪ ಕಾಯಿಯನ್ನಲ್ಲ. ಅಡಿಗೆ ಕೈಹಾಕಿ ಒಂದು ಕಾಯಿ ಎಳೆಯುತ್ತಾನೆ, ತೊಟ್ಟಿನ ಕಡೆ ತಿರುಗಿಸುತ್ತಾನೆ. ತೊಟ್ಟು ಗಿಡ್ಡವಾಗಿ ಉಳಿದಿದೆಯೋ, ಬುಡಸಮೇತ ಕಿತ್ತುಬಂದಿದೆಯೋ? ಸಿಪ್ಪೆಯ ಮೇಲೆ ಸೊನೆ ಇಳಿದು ಕಪ್ಪು ಗೆರೆ ಬಿದ್ದಿದೆಯೋ? "ಏನಣ್ಣಾ, ಮರ ಜಾಡಿಸಿ ಉದುರಿಸಿದ್ರಾ?" ಅಷ್ಟೇ! ಬೆಳಗಿನ ಜಾವ ಹತ್ತಾರು ಮೈಲಿ ದೂರದ ತೋಪಿನಲ್ಲಿ ಕಾಯಿಯನ್ನು ಹೇಗೆ ಇಳಿಸಿದರು ಎಂಬ ಇಡೀ ಚರಿತ್ರೆ ಆ ಒಂದು ಸೊನೆ ಕಲೆಯಲ್ಲಿದೆ. ರೈತ ತೋರಿಸಿದ್ದು ಕಾಯಿಯನ್ನು, ವ್ಯಾಪಾರಿ ಓದಿದ್ದು ಕಲೆಯನ್ನು.

ನಮ್ಮ ಪೋಸ್ಟುಗಳನ್ನೂ ಜನ ಓದುವುದು ಥೇಟ್ ಹೀಗೆಯೇ ಎಂದರೆ ನಂಬುತ್ತೀರಾ?

ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಯಾಮ್ ಗಾಸ್ಲಿಂಗ್ ಎಂಬ ಮನಶ್ಶಾಸ್ತ್ರಜ್ಞ ಇದ್ದಾರೆ. ಇಣುಕಿ ನೋಡುವುದನ್ನೇ ವಿಜ್ಞಾನ ಮಾಡಿಕೊಂಡ ಆಸಾಮಿ! ಅವರೂ ಅವರ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 94 ಆಫೀಸು ಕೋಣೆಗಳಿಗೂ 83 ಮಲಗುವ ಕೋಣೆಗಳಿಗೂ ಅಪರಿಚಿತರನ್ನು ಕಳಿಸಿದ್ದರು. ಕೋಣೆಯ ಒಡೆಯರು ಅಲ್ಲಿರಲಿಲ್ಲ. ಬಂದವರು ಮಂಚ, ಮೇಜು, ಪುಸ್ತಕದ ಸಾಲು ನೋಡಿದರು. ಅಷ್ಟರಿಂದಲೇ ಇಲ್ಲಿರುವವರು ಎಂಥವರು ಎಂದು ಅಂದಾಜು ಕಟ್ಟಿದರು, ಮತ್ತು ಆ ಅಂದಾಜು ಅಚ್ಚರಿಪಡುವಷ್ಟು ಸರಿಯಿತ್ತು. ಬೇಕೆಂದೇ ಗೋಡೆಗೆ ನೇತುಹಾಕಿದ ಚಿತ್ರ ಒಂದು ಬಗೆಯ ಸುಳಿವು. ನಡತೆ ತನ್ನಷ್ಟಕ್ಕೆ ಬಿಟ್ಟುಹೋಗುವ ಉಳಿಕೆ ಇನ್ನೊಂದು ಬಗೆ.

ಇದೇ ಗಾಸ್ಲಿಂಗ್ ಮತ್ತು ಜರ್ಮನಿಯ ಮಿಟ್ಯಾ ಬಾಕ್ ಮೊದಲಾದವರು 2010ರಲ್ಲಿ ಇಣುಕಿದ್ದು ಜನರ ಪ್ರೊಫೈಲುಗಳೊಳಗೆ. ಅಮೆರಿಕ, ಜರ್ಮನಿಯ 236 ತರುಣ ತರುಣಿಯರು. ಎಲ್ಲರೂ ಅಂದುಕೊಂಡಿದ್ದೇನು? ಜಾಲತಾಣದಲ್ಲಿ ಜನ ತಮ್ಮ ಕನಸಿನ ರೂಪ ತೋರಿಸುತ್ತಾರೆ, ನೋಡುವವರು ಮೋಸಹೋಗುತ್ತಾರೆ ಎಂದು. ಹಾಗಾಗಲೇ ಇಲ್ಲ! ಪ್ರೊಫೈಲನ್ನಷ್ಟೇ ನೋಡಿದ ಅಪರಿಚಿತರ ಅಂದಾಜು, ಆ ಹುಡುಗ ಹುಡುಗಿಯರು ನಿಜಕ್ಕೂ ಹೇಗಿದ್ದಾರೋ ಅದಕ್ಕೆ ಹತ್ತಿರವಿತ್ತು, ಹೇಗಿರಬೇಕೆಂದು ಆಸೆಪಟ್ಟಿದ್ದರೋ ಅದಕ್ಕಲ್ಲ. ಯಾರು ಜನರೊಂದಿಗೆ ಬೆರೆಯುವವರು, ಯಾರಿಗೆ ಹೊಸದರ ಕುತೂಹಲ ಹೆಚ್ಚು ಎಂಬುದಂತೂ ಸಲೀಸಾಗಿ ಗೊತ್ತಾಗಿಬಿಟ್ಟಿತು.

ಗೊತ್ತಾಗದೇ ಉಳಿದದ್ದು ಒಂದು. ಒಳಗಿನ ಕಳವಳ. ಯಾರು ಆತಂಕದಲ್ಲಿ ಬೇಯುತ್ತಿದ್ದಾರೆ ಎಂಬುದನ್ನು ಪ್ರೊಫೈಲು ನೋಡಿ ಹೇಳಲು ಅವರಿಗೆ ಸರಿಯಾಗಿ ಆಗಲೇ ಇಲ್ಲ. ಈ ಸಾಲಿನ ಮೇಲೆ ನನ್ನ ಕಣ್ಣು ನೆಟ್ಟಿತು. 2025ರ ಜೂನ್ ನೆನಪಾಯಿತು. ಆ ವರ್ಷ ತೋತಾಪುರಿ ಬೆಲೆ ನೆಲಕಚ್ಚಿತು. ಹೊರರಾಜ್ಯದ ತೋತಾಪುರಿ ತಮ್ಮಲ್ಲಿಗೆ ಬರಬಾರದೆಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಶ್ರೀನಿವಾಸಪುರ ಬಂದ್ ಆಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆಗೆ ಒಪ್ಪಿತು. ಮನೆಯಲ್ಲಿ ಸಾಲದ ಲೆಕ್ಕ ನಡೆಯುತ್ತಿರುವಾಗಲೂ ಸ್ಟೇಟಸ್ಸಿನಲ್ಲಿ ಕೈವಾರ ತಾತಯ್ಯನವರ ಚಿತ್ರ, ಮದುವೆಯ ವಾರ್ಷಿಕೋತ್ಸವಕ್ಕೆ ಶುಭಾಶಯ, ಮಗುವಿನ ನಗು ಬರುತ್ತಲೇ ಇರುತ್ತವೆ. ನೋಡುವವರಿಗೆ ಎಲ್ಲವೂ ಕಾಣುತ್ತದೆ, ಸಂಕಟವೊಂದನ್ನು ಬಿಟ್ಟು.

ಈಗ ಫ್ಲೆಕ್ಸ್ ಕಡೆ ಬನ್ನಿ. ಹೌದು, ರಸ್ತೆ ಬದಿಯ ಅದೇ ಫ್ಲೆಕ್ಸು! ಇನ್‌ಸ್ಟಾಗ್ರಾಂ ಹಳ್ಳಿ ಮುಟ್ಟುವ ಮೊದಲೇ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಪೋಸ್ಟು, ಟ್ಯಾಗು ಎರಡೂ ಇದ್ದವು ಎಂಬುದಕ್ಕೆ ಅದೇ ಸಾಕ್ಷಿ. ನಡುವೆ ಆಳೆತ್ತರದ ನಾಯಕರು, ಮೇಲೆ ಪುಟ್ಟ ವೃತ್ತಗಳಲ್ಲಿ ರಾಜ್ಯ ನಾಯಕರು, ಕೆಳಗೆ ಸಾಲಾಗಿ ತಂಪು ಕನ್ನಡಕದ ಹುಡುಗರು. ದಾರಿಹೋಕರು ನಿಂತು ಓದುವುದು ಆ ಕೆಳಗಿನ ಸಾಲನ್ನು: ಯಾರ ಪಕ್ಕ ಯಾರಿದ್ದಾರೆ? ಹೋದ ವರ್ಷ ಇದ್ದ ಮುಖ ಈ ವರ್ಷ ಯಾಕಿಲ್ಲ?

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾಲ್ಥರ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಓದುವಾಗ ನನಗೆ ಕಂಡದ್ದು ಇದೇ ಫ್ಲೆಕ್ಸು. ಅವರು ನಕಲಿ ಫೇಸ್‌ಬುಕ್ ಪುಟಗಳನ್ನು ಮಾಡಿದರು. ಪುಟದ ಒಡೆಯರ ಫೋಟೊ, ವಿವರ ಎಲ್ಲ ಅದೇ. ಬದಲಿಸಿದ್ದು ಗೋಡೆಯ ಮೇಲೆ ಬರೆದ ಸ್ನೇಹಿತರ ಮುಖಗಳನ್ನು ಮತ್ತು ಅವರ ಮಾತುಗಳನ್ನು ಮಾತ್ರ. ಸ್ನೇಹಿತರು ಲಕ್ಷಣವಾಗಿದ್ದರೆ ಒಡೆಯರೂ ಲಕ್ಷಣವಾಗಿ ಕಂಡರು! ಮುಖ ಒಂದೇ, ಕೂದಲೆಳೆ ಬದಲಾಗಿಲ್ಲ, ಆದರೂ ಅಂದ ಏರಿತು. ಸ್ನೇಹಿತರು ಒಳ್ಳೆಯ ಮಾತು ಬರೆದಿದ್ದರೆ ಒಡೆಯರ ಮೇಲೆ ನಂಬಿಕೆಯೂ ಏರಿತು. ಇನ್ನು ಕುಡಿತ, ಚೆಲ್ಲಾಟಗಳ ಬಗ್ಗೆ ಸ್ನೇಹಿತರು ಬರೆದಿದ್ದರೆ? ಗಂಡಸಿನ ಆಕರ್ಷಣೆ ಹೆಚ್ಚಿತು, ಹೆಂಗಸಿನದು ಇಳಿಯಿತು. ಮಿಷಿಗನ್‌ಗೂ ನಮ್ಮ ಜಗಲಿಕಟ್ಟೆಗೂ ನಡುವೆ ಎರಡು ಸಾಗರಗಳಿರಬಹುದು, ತಕ್ಕಡಿ ಮಾತ್ರ ಒಂದೇ. ನಾಚಿಕೆಗೇಡು.

ಮರುವರ್ಷ ಇದೇ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೀವು ನಿಮ್ಮ ಬಗ್ಗೆ ಬರೆದುಕೊಂಡದ್ದಕ್ಕೂ ಸ್ನೇಹಿತರು ನಿಮ್ಮ ಬಗ್ಗೆ ಬರೆದದ್ದಕ್ಕೂ ತಾಳೆಯಾಗದಿದ್ದರೆ ಜನ ನಂಬುವುದು ಯಾರನ್ನು? ರೂಪದ ವಿಚಾರದಲ್ಲಂತೂ ಸ್ನೇಹಿತರನ್ನೇ. ಕಾರಣ ಸರಳ: ನಿಮ್ಮ ಮಾತು ನಿಮ್ಮ ಹಿಡಿತದಲ್ಲಿದೆ, ಅವರ ಮಾತು ಇಲ್ಲ. ನಿಮ್ಮ ಹಿಡಿತಕ್ಕೆ ಸಿಗದ್ದಕ್ಕೇ ಬೆಲೆ ಜಾಸ್ತಿ! ಪಕ್ಕದ ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳನ್ನು ನೆನೆಯಿರಿ. ಅಲ್ಲಿರುವುದು ಬಹುಪಾಲು ಬೇರೆಯವರ ಚಿತ್ರ. ಎಷ್ಟೋ ಹಿರಿಯರ ಗುಣ ಇವತ್ತು ನಮಗೆ ಗೊತ್ತಿದ್ದರೆ, ಡಿ.ವಿ.ಜಿ. ಹಾಗೆಂದರು ಎಂಬ ಒಂದೇ ಬಲದಿಂದ. ಶ್ರೀನಿವಾಸಪುರ ಎಂಬ ಹೆಸರೂ ಅಷ್ಟೇ, ಬೇರೆಯವರು ಇಟ್ಟದ್ದು. ಮೈಸೂರು ಗೆಜೆಟಿಯರ್ ಹೇಳುವಂತೆ ಇದು ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗೆ ಕೊಟ್ಟರು.

ಈಗ ಮಾವು ಕೂಡ ಪ್ರೊಫೈಲು ಇಟ್ಟುಕೊಂಡಿದೆ. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ 'ಕರ್ಸಿರಿ' ತಾಣದಲ್ಲಿ ರೈತರ ಹಣ್ಣನ್ನು ನೇರವಾಗಿ ತರಿಸಿಕೊಳ್ಳಬಹುದು, ಅಂಚೆಯಣ್ಣ ಬೆಂಗಳೂರಿನ ಮನೆ ಬಾಗಿಲಿಗೆ ಡಬ್ಬ ತಂದುಕೊಡುತ್ತಾನೆ. ಬೆಳೆಗಾರ ಹಾಕಿದ ಬಂಗಾರದ ಬಣ್ಣದ ಫೋಟೊಗಿಂತ, "ಹೋದ ಸಲ ತರಿಸಿದ್ವಿ, ಕಾರ್ಬೈಡ್ ವಾಸನೆ ಇರಲಿಲ್ಲ" ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ಅಕ್ಕ ಬರೆಯುವ ಸಾಲು ಹೆಚ್ಚು ಡಬ್ಬ ಮಾರುತ್ತದೆ ಎಂಬುದು ನನ್ನ ಅನುಮಾನ. ವಾಲ್ಥರ್ ಕೇಳಿದ್ದರೆ ತಲೆಯಾಡಿಸುತ್ತಿದ್ದರು.

ಸೆಲ್ಫಿಯ ಬಗ್ಗೆ ಒಂದೇ ಮಾತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ ಬ್ಯಾರಿ ತಂಡ 2019ರಲ್ಲಿ ತೋರಿಸಿದಂತೆ, ತಾವೇ ಕೈಚಾಚಿ ತೆಗೆದುಕೊಂಡ ಫೋಟೊಗಳನ್ನೇ ಹೆಚ್ಚು ಹಾಕುವವರನ್ನು ನೋಡುಗರು ಅಷ್ಟಾಗಿ ಮೆಚ್ಚಲಿಲ್ಲ, ಆತ್ಮವಿಶ್ವಾಸ ಕಡಿಮೆ ಎಂದೂ ಎಣಿಸಿದರು. ಬೇರೆ ಯಾರೋ ತೆಗೆದಂತೆ ಕಾಣುವ ಫೋಟೊ ಹಾಕಿದವರಿಗೆ ಒಳ್ಳೆಯ ಅಂಕ. ಅದೇ ತೋಪು, ಅದೇ ಮರ, ಅದೇ ಅಂಗಿ ಇದ್ದರೂ, ಕ್ಯಾಮೆರಾ ಹಿಡಿದ ಕೈ ಯಾರದು ಎಂಬುದಕ್ಕೂ ಜನ ಬೆಲೆ ಕಟ್ಟುತ್ತಾರೆ!

ಇವೆಲ್ಲ ಒಟ್ಟಿಗೆ ಸೇರುವುದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. 2017ರ ಫೆಬ್ರವರಿಯಲ್ಲಿ ಈಗಿನ ರೂಪದಲ್ಲಿ ಬಂದ, 24 ಗಂಟೆಗೆ ಮಾಯವಾಗುವ ಈ ಕಿಟಕಿಯ ಮುಂದೆ ಯಾರ್ಯಾರು ನಿಂತಿರುತ್ತಾರೆ ನೋಡಿ: ಮಾವ, ಮಂಡಿ ಸಾಹುಕಾರರು, ಹೈಸ್ಕೂಲು ಮೇಷ್ಟ್ರು, ಹಳೆಯ ಗೆಳತಿ, ಸಾಲ ಕೊಟ್ಟವರು, ತೆಲುಗಿನಲ್ಲೇ ಮಾತಾಡುವ ಮದನಪಲ್ಲಿಯ ಬೀಗರು. ಎದುರೆದುರು ಸಿಕ್ಕರೆ ಇವರಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ದನಿಯಲ್ಲಿ ಮಾತಾಡುವವರು ನಾವು. ಇಲ್ಲಿ ಎಲ್ಲರಿಗೂ ಒಂದೇ ಚಿತ್ರ. ಬೇರೆ ಬೇರೆ ಸಭೆಗಳು ಹೀಗೆ ಒಂದರ ಮೇಲೊಂದು ಕುಸಿದು ಬೀಳುವುದನ್ನು ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಟ್ವಿಟರ್ ಬಳಕೆದಾರರಲ್ಲಿ ಕಂಡು ಬರೆದಿದ್ದರು. ಸಾಲ ಕೊಟ್ಟವರಿಗೆ "ಮುಂದಿನ ವಾರ ಖಂಡಿತ ಅಣ್ಣ" ಎಂದು ಹೇಳಿ, ಸಂಜೆ ಗೋವಾ ಕಡಲತೀರದ ಚಿತ್ರ ಹಾಕಿದವನ ಪಾಡು ಊಹಿಸಿಕೊಳ್ಳಿ.

ನೋಡುವವರು ಊರಿನವರಷ್ಟೇ ಅಂದುಕೊಳ್ಳಬೇಡಿ. 2019ರ ಮೇ ಕೊನೆಯಿಂದ ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷ ಬಳಸಿದ ಜಾಲತಾಣ ಖಾತೆಗಳ ಹೆಸರು ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಖಾತೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚನೆ ಬಂದಿದೆ. ಊರಿನ ಹುಡುಗ ಎಂ.ಎಸ್. ಓದಲು ಹೊರಟರೆ ಕಾನ್ಸುಲೇಟಿನ ಅಧಿಕಾರಿಯೂ ಅವನ ಹಳೆಯ ಪೋಸ್ಟುಗಳನ್ನು ತಿರುವಿಹಾಕಬಹುದು. ಆ ಕೆಲಸವನ್ನು ಹೆಣ್ಣಿನ ಕಡೆಯವರು ಇನ್ನೂ ಮೊದಲೇ ಮಾಡಿ ಮುಗಿಸಿರುತ್ತಾರೆ, ಜಾತಕ ಕೇಳುವ ಮುಂಚೆ!

ಹಾಗಾದರೆ ಮಾಡುವುದೇನು? ಪೋಸ್ಟು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಒಂದು ಕೆಲಸ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ನೀವು ಹಾಕಿದ ಚಿತ್ರಗಳನ್ನು ಬಿಟ್ಟು, ಬೇರೆಯವರು ನಿಮ್ಮನ್ನು ಟ್ಯಾಗ್ ಮಾಡಿದ ಚಿತ್ರಗಳ ಪಟ್ಟಿಯನ್ನು ಮೊದಲು ತೆರೆಯಿರಿ. ಬೇಡದ ಟ್ಯಾಗ್ ತೆಗೆದುಹಾಕಿ. ಮುಂದೆ ಬರುವ ಟ್ಯಾಗ್‌ಗಳು ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಪುಟದಲ್ಲಿ ಕಾಣದಂತೆ ಸೆಟ್ಟಿಂಗ್‌ನಲ್ಲಿ ಬದಲಿಸಿಕೊಳ್ಳಿ. ಐದು ನಿಮಿಷದ ಕೆಲಸ, ಇವತ್ತೇ ಮಾಡಿ.