ಹೂವಿನ ಮರೆಯ ಜೀವಕ್ಕೂ ಅಭಯ

ಬೆಳಕು ಹರಿಯುವ ಮುನ್ನವೇ ಕೃಷ್ಣರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ, ಕನಕಾಂಬರ, ಸುಗಂಧರಾಜಗಳ ರಾಶಿ ಬೀಳುತ್ತದೆ. ಹೂವಿನೊಡನೆ ಎಸಳಿನ ಮರೆಯ ಸಣ್ಣ ಹುಳುವೂ ಬರುತ್ತದೆ. ಜಿನಪೂಜೆಗೆ ಹೂವನ್ನು ಒಯ್ಯುವ ಶ್ರಾವಕನು ಅದನ್ನು ಮೆಲ್ಲನೆ ಕೊಡವಿ, ಹುಳುವಿದ್ದರೆ ನೋಯಿಸದೆ ಬೇರ್ಪಡಿಸುತ್ತಾನೆ. ಈ ಎಚ್ಚರವೇ ಯತ್ನಾಚಾರ.

ಜೈನಾಗಮವು ಜೀವಿಗಳನ್ನು ಇಂದ್ರಿಯಗಳ ಎಣಿಕೆಯಿಂದ ವಿಂಗಡಿಸಿದೆ. ಇರುವೆಗೆ ಮೂರು ಇಂದ್ರಿಯ. ಜೇನು, ಚಿಟ್ಟೆಗಳಿಗೆ ನಾಲ್ಕು. ಇಂದ್ರಿಯಗಳು ಕಡಿಮೆಯಿದ್ದರೂ ಆತ್ಮ ಕಿರಿದಲ್ಲ. ಹಾಗಾದರೆ ಅಳಿಯುತ್ತಿರುವ ಕೀಟವೊಂದನ್ನು ಹಿಡಿದು ತಂದು, ಮೃಗಾಲಯದಲ್ಲಿಟ್ಟು ಸಂತತಿ ಬೆಳೆಸುವುದು ದಯೆಯೋ, ಬಂಧನವೋ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು 'ಬಂಧ'ವೇ ಆಗಿರುವುದರಿಂದ ಈ ಪ್ರಶ್ನೆಯನ್ನು ಹಗುರಾಗಿ ಕಾಣುವಂತಿಲ್ಲ.

ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದಲ್ಲಿ ಗೇಣುದ್ದದ, ರೆಕ್ಕೆಯಿಲ್ಲದ ಕಡ್ಡಿಹುಳುವೊಂದಿತ್ತು. 1918ರಲ್ಲಿ ಅಲ್ಲಿ ಹಡಗೊಂದು ನೆಲಕ್ಕೆ ತಗುಲಿ ನಿಂತಾಗ ಅದರೊಳಗಿನ ಇಲಿಗಳು ದಡ ಸೇರಿದವು. ಕೆಲವೇ ವರ್ಷಗಳಲ್ಲಿ ಆ ಹುಳು ಕಾಣದಾಯಿತು. ಅದರ ಕುಲವೇ ಅಳಿಯಿತೆಂದು ಜಗತ್ತು ನಂಬಿತು. ಆದರೆ 2001ರಲ್ಲಿ, ಸುಮಾರು 23 ಕಿಲೋಮೀಟರ್ ದೂರದಲ್ಲಿ ಸಮುದ್ರದಿಂದ ಮೇಲೆದ್ದ ಕಡಿದಾದ ಬಂಡೆಯೊಂದರ ಪೊದೆಯಲ್ಲಿ ಇಪ್ಪತ್ತನಾಲ್ಕು ಹುಳುಗಳು ಉಳಿದಿದ್ದುದು ಕಂಡುಬಂತು. 2003ರಲ್ಲಿ ಎರಡು ಜೋಡಿಗಳನ್ನು ಮಾತ್ರ ತರಲಾಯಿತು. ಒಂದು ಜೋಡಿ ಬದುಕಲಿಲ್ಲ. ಮೆಲ್ಬರ್ನ್ ಮೃಗಾಲಯ ಸೇರಿದ ಜೋಡಿಯ ಹೆಣ್ಣೂ ಕಾಯಿಲೆ ಬಿದ್ದಿತು. ಅಲ್ಲಿನ ಪ್ಯಾಟ್ರಿಕ್ ಹೋನನ್ ಅವರು ಸುಣ್ಣದಂಶ ಬೆರೆಸಿದ ಮಕರಂದವನ್ನು ಹನಿಹನಿಯಾಗಿ ಉಣಿಸಿ ಅದನ್ನು ಉಳಿಸಿದರು. ಅದು ಮೊಟ್ಟೆಯಿಟ್ಟಿತು, ಆ ಸಂತತಿ ಇಂದು ಸಾವಿರಗಳನ್ನು ದಾಟಿದೆ.

ಪ್ರಮಾದದಿಂದ ಪ್ರಾಣಕ್ಕೆ ಕೇಡು ತರುವುದನ್ನು ತತ್ತ್ವಾರ್ಥಸೂತ್ರವು ಹಿಂಸೆಯೆಂದು ಕರೆಯುತ್ತದೆ. ಭೋಗಕ್ಕಾಗಿ, ಲಾಭಕ್ಕಾಗಿ ಕೂಡಿಹಾಕುವುದು ಬಂಧ. ರೋಗಿಯನ್ನು ಕೋಣೆಯಲ್ಲಿಟ್ಟು ಶುಶ್ರೂಷೆ ಮಾಡುವಂತೆ, ತವರಿಗೆ ಮರಳಿಸುವ ಸಂಕಲ್ಪದಿಂದ ಸಲಹುವುದು ಅಭಯದಾನಕ್ಕೆ ಹತ್ತಿರ. ಆ ಸಂಕಲ್ಪ ಮರೆತು, ಜೀವವು ಬರಿಯ ಪ್ರದರ್ಶನದ ವಸ್ತುವಾದೊಡನೆ ಅದೇ ಗೂಡು ಸೆರೆಮನೆಯಾಗುತ್ತದೆ.

ಆದರೂ ಕಥೆ ಇಲ್ಲಿಗೆ ಶುಭವಾಗಿ ಮುಗಿಯುವುದಿಲ್ಲ. ಹುಳುವಿಗೆ ತವರನ್ನು ಮರಳಿ ಕೊಡಬೇಕಾದರೆ ಇಲಿಗಳು ಇರಬಾರದು. 2019ರಲ್ಲಿ ದ್ವೀಪದ ಇಲಿಗಳಿಗೆ ವಿಷವಿಡಲಾಯಿತು. ಇಲಿಯು ಪಂಚೇಂದ್ರಿಯ ಜೀವಿ. ನಾಲ್ಕು ಇಂದ್ರಿಯಗಳ ಜೀವಕ್ಕಾಗಿ ಐದು ಇಂದ್ರಿಯಗಳ ಜೀವವನ್ನು ಕೊಲ್ಲುವುದನ್ನು ಜಿನಧರ್ಮವು ಪುಣ್ಯವೆಂದು ಒಪ್ಪಲಾರದು. ಇಲಿಯು ತಾನಾಗಿ ಆ ದ್ವೀಪಕ್ಕೆ ಬಂದುದಲ್ಲ, ಮನುಷ್ಯನ ಹಡಗು ತಂದಿತು. ಒಮ್ಮೆಯ ಪ್ರಮಾದ ಮೊದಲು ಹುಳುವನ್ನು, ನೂರು ವರ್ಷಗಳ ಬಳಿಕ ಇಲಿಯನ್ನು ಬಲಿ ಪಡೆಯಿತು. ಕರ್ಮಫಲವು ಎಷ್ಟು ದೂರ ಹರಿಯುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಅಳಿದ ಮೇಲೆ ಉಳಿಸಹೊರಟರೆ ದಯೆಯೂ ನಿರ್ದೋಷವಾಗಿ ಉಳಿಯುವುದಿಲ್ಲ. ಆದುದರಿಂದಲೇ ಆಚಾರ್ಯರು ಎಚ್ಚರವನ್ನು ಮೊದಲಿಗಿಟ್ಟರು. ನಮ್ಮ ನಗರದ ದಕ್ಷಿಣಕ್ಕಿರುವ ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲಿ ಚಿಟ್ಟೆಗಳನ್ನು ಸಾಕುತ್ತಾರೆ. ಆದರೆ ಮನೆಯಂಗಳದ ಕರಿಬೇವಿಗೆ, ನಿಂಬೆಗೆ, ಬೇಲಿಯ ಎಕ್ಕಕ್ಕೆ ವಿಷ ಸಿಂಪಡಿಸದಿದ್ದರೆ ಅಲ್ಲಿಯೂ ಚಿಟ್ಟೆಯ ಮರಿ ಬೆಳೆಯುತ್ತದೆ. ಆ ವ್ರತಕ್ಕೆ ಗೂಡೂ ಬೇಡ, ಖರ್ಚೂ ಇಲ್ಲ.

ಮಾರುಕಟ್ಟೆಯಿಂದ ತಂದ ಹೂವನ್ನು ನಾಳೆ ಬುಟ್ಟಿಗೆ ಹಾಕುವ ಮುನ್ನ ಒಂದು ಕ್ಷಣ ನಿಂತು ನೋಡೋಣ. ಜಿನಪೂಜೆ ಆ ನೋಟದಿಂದಲೇ ಆರಂಭವಾಗುತ್ತದೆ.