ಲೆಕ್ಕದ ಹುಡುಗಿಯ ತರಂಗಯಾನ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ಕಟ್ಟುವಾಗ ಕೆಲಸವನ್ನು ಎರಡು ಪಾಲು ಮಾಡಿದ್ದರು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರ್, ನಿಡಘಟ್ಟದಿಂದ ಮೈಸೂರಿಗೆ 61. ಮದ್ದೂರು ತಾಲ್ಲೂಕಿನ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದೇ ಹಾಗೆ. 2023ರಲ್ಲಿ ಉದ್ಘಾಟನೆಯಾದ ಈ ದಾರಿಯಲ್ಲಿ ಓಡುವ ಕಾರುಗಳ ಗಾಜಿಗೆ ಫಾಸ್ಟ್ಯಾಗ್ ಅಂಟಿರುತ್ತದೆ. ಟೋಲ್ ಗೇಟಿನ ಆಂಟೆನಾ ಅದನ್ನು ಓದಿ ಹಣ ಕಳೆದುಕೊಳ್ಳುತ್ತದೆ. ಚಾಲಕನ ಮೊಬೈಲಿನೊಳಗೂ ಆಂಟೆನಾ, ದಾರಿ ತೋರಿಸುವ ಉಪಗ್ರಹದಲ್ಲೂ ಆಂಟೆನಾ.

ಈ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬೇರೂರಿಸಿದವರಲ್ಲಿ ಒಬ್ಬರು ಇದೇ ದಾರಿ ಹಿಡಿದು ಮೈಸೂರು ದಾಟಿದರೆ ಸಿಗುವ ನಂಜನಗೂಡಿನ ವಕೀಲರ ಮಗಳು. ಹೆಸರು ರಾಜೇಶ್ವರಿ. ಓದಿದ್ದು ಎಂಜಿನಿಯರಿಂಗ್ ಅಲ್ಲ, ಗಣಿತ!

1922ರಲ್ಲಿ ಹುಟ್ಟಿದ ರಾಜೇಶ್ವರಿಗೆ ಸಿಕ್ಕ ದೊಡ್ಡ ಆಸ್ತಿ ಎಂದರೆ ಅಜ್ಜಿ ಕಮಲಮ್ಮ ದಾಸಪ್ಪ. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅವರು ವಿಧವೆಯರ, ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ಅಜ್ಜಿ ತೆರೆದ ಶಾಲೆಯಲ್ಲೇ ಮೊಮ್ಮಗಳ ಅಕ್ಷರಾಭ್ಯಾಸ. ಶಾಲೆ ಮುಗಿದಾಗ ಇತಿಹಾಸದ ಕಡೆಗೂ ಮನಸ್ಸು ವಾಲಿತ್ತಂತೆ. ಕೊನೆಗೆ ಗಣಿತ ಗೆದ್ದಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗಳು.

1943ರಲ್ಲಿ ಆಕೆ ಸೇರಿದ್ದು ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’. ಆ ಬಾಗಿಲು ಹೆಂಗಸರಿಗೆ ಸುಲಭವಾಗಿ ತೆರೆದದ್ದಲ್ಲ. ಹತ್ತು ವರ್ಷ ಹಿಂದೆ, 1933ರಲ್ಲಿ, ಮುಂಬೈನಿಂದ ಬಂದ ಕಮಲಾ ಭಾಗವತ್ ಎಂಬ ತರುಣಿಯನ್ನು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ನಿರಾಕರಿಸಿದವರು ಸ್ವತಃ ಸರ್ ಸಿ.ವಿ. ರಾಮನ್. ಕಮಲಾ ಹಠ ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಗೆಂದು ಇಟ್ಟುಕೊಂಡು ನೋಡುವುದಾಗಿ ಷರತ್ತು ಹಾಕಿ ಕೊನೆಗೆ ಒಳಗೆ ಬಿಟ್ಟರು. ನೊಬೆಲ್ ಪಡೆದ ಕಣ್ಣಿಗೂ ಕಾಣದ ಸಂಗತಿಗಳಿರುತ್ತವೆ, ಬಿಡಿ. ರಾಜೇಶ್ವರಿ ವಿದ್ಯುತ್ ತಂತ್ರಜ್ಞಾನ ವಿಭಾಗದ ಸಂಪರ್ಕ ಶಾಖೆಯಲ್ಲಿ ಸಂಶೋಧನೆಗೆ ನಿಂತರು.

ಅದೇ 1943ರ ಕೊನೆಯಲ್ಲಿ ಅಮೆರಿಕದ ವರ್ಜೀನಿಯಾದ ಲ್ಯಾಂಗ್ಲಿ ವಿಮಾನ ಸಂಶೋಧನಾಲಯಕ್ಕೆ ಇನ್ನೊಬ್ಬ ಗಣಿತದ ಹೆಣ್ಣುಮಗಳು ಕೆಲಸಕ್ಕೆ ಸೇರಿದರು: ಡೊರೊಥಿ ವಾನ್, ಕಪ್ಪು ಜನಾಂಗದವರು. ಅಲ್ಲಿ ‘ಕಂಪ್ಯೂಟರ್’ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಹೆಂಗಸು. ಬಿಳಿಯರಿಗೊಂದು ಕೋಣೆ, ಕಪ್ಪು ಹೆಂಗಸರಿಗೆ ಬೇರೊಂದು. ಊಟದ ಮನೆಯ ಮೇಜಿನ ಮೇಲೂ ‘ಬಣ್ಣದ ಕಂಪ್ಯೂಟರ್‌ಗಳು’ ಎಂಬ ಫಲಕ! ಮಿರಿಯಂ ಮ್ಯಾನ್ ಎಂಬಾಕೆ ಅದನ್ನು ಎತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮತ್ತೆ ಹೊಸ ಫಲಕ ಬರುತ್ತಿತ್ತು, ಮತ್ತೆ ಚೀಲ ಸೇರುತ್ತಿತ್ತು. ಕಡೆಗೆ ಫಲಕ ಬರುವುದೇ ನಿಂತಿತು.

ಇತ್ತ ರಾಜೇಶ್ವರಿ 1946ರಲ್ಲಿ ಸರ್ಕಾರದ ವಿದೇಶ ವಿದ್ಯಾರ್ಥಿವೇತನ ಗಿಟ್ಟಿಸಿದರು. ಮರುವರ್ಷ ಜುಲೈನಲ್ಲಿ ಪ್ರಯಾಣ. ಸ್ವಾತಂತ್ರ್ಯಕ್ಕೆ ಇನ್ನೊಂದೇ ತಿಂಗಳಿತ್ತು. ಯುದ್ಧದಲ್ಲಿ ಸೈನಿಕರನ್ನು ಹೊತ್ತಿದ್ದ ಹಡಗಿನಲ್ಲಿ ಮೂವತ್ತು ದಿನ ಕಳೆದು ಅಮೆರಿಕ ತಲುಪಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ. ಆಮೇಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೊ ತರಂಗಗಳನ್ನು ಅಳೆಯುವ ಎಂಟು ತಿಂಗಳ ತರಬೇತಿ. ಅಲ್ಲಿಂದ ಲ್ಯಾಂಗ್ಲಿ ಕೆಲವೇ ಗಂಟೆಗಳ ದಾರಿ. ಆದರೂ ಈ ಲೆಕ್ಕದವರಿಗೆ ಆ ಲೆಕ್ಕದವರ ಸುದ್ದಿ ತಿಳಿಯುವ ಸಂಭವವಿರಲಿಲ್ಲ. ಅಮೆರಿಕದವರಿಗೇ ತಿಳಿದಿರಲಿಲ್ಲ!

1953 ಇನ್ನೊಂದು ಸೋಜಿಗದ ವರ್ಷ. ಕ್ಯಾಥರಿನ್ ಜಾನ್ಸನ್ ಲ್ಯಾಂಗ್ಲಿಗೆ ಸೇರಿದ್ದು ಆಗ. ಜಾನ್ ಗ್ಲೆನ್ 1962ರಲ್ಲಿ ಭೂಮಿಯನ್ನು ಸುತ್ತಲು ಹೊರಡುವ ಮುನ್ನ, ಯಂತ್ರದ ಲೆಕ್ಕವನ್ನು ಈಕೆ ಕೈಯಾರೆ ಮಾಡಿ ಸರಿ ಎಂದರೆ ಮಾತ್ರ ಹೋಗುತ್ತೇನೆ ಎಂದದ್ದು ಇವರನ್ನೇ ಕುರಿತು. ಅದೇ 1953ರಲ್ಲಿ ರಾಜೇಶ್ವರಿ ಪಿಎಚ್.ಡಿ. ಮುಗಿಸಿ ತಮ್ಮ ಹಳೆಯ ಸಂಸ್ಥೆಗೇ ಅಧ್ಯಾಪಕಿಯಾಗಿ ಮರಳಿದರು. ಅಲ್ಲಿನ ಎಂಜಿನಿಯರಿಂಗ್ ವಿಭಾಗಗಳಿಗೆ ಆಕೆಯೇ ಮೊದಲ ಮಹಿಳಾ ಅಧ್ಯಾಪಕಿ. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮದುವೆ. ಅಲ್ಲಿಂದ ರಾಜೇಶ್ವರಿ ಚಟರ್ಜಿ.

ಇಬ್ಬರ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ರಾಜೇಶ್ವರಿಗೆ ಓದಿದ ಅಜ್ಜಿ ಇದ್ದರು, ವಕೀಲ ತಂದೆ ಇದ್ದರು. ಮೈಬಣ್ಣ ನೋಡಿ ಊಟದ ಮೇಜು ಬೇರೆ ಮಾಡುವ ಕಾನೂನು ಇಲ್ಲಿರಲಿಲ್ಲ (ಜಾತಿ ನೋಡಿ ಪಂಕ್ತಿ ಬೇರೆ ಮಾಡಲು ಕಾನೂನು ಬೇಕಾಗಿಯೂ ಇರಲಿಲ್ಲ). ಅದೇ ರಾಜೇಶ್ವರಿ ಗಂಡುಮಗುವಾಗಿದ್ದಿದ್ದರೆ ‘ಮೊದಲ’ ಎಂಬ ಮಾತೇ ಹುಟ್ಟುತ್ತಿರಲಿಲ್ಲ.

ದಂಪತಿ ಸೇರಿ ಕಟ್ಟಿದ್ದು ಮೈಕ್ರೋವೇವ್ ಪ್ರಯೋಗಾಲಯ. ದೇಶದಲ್ಲೇ ಇದು ಹೊಸ ವಿದ್ಯೆ. ರೇಡಾರಿನ ತರಂಗದ ಉದ್ದ ಬೆರಳಗಲದ ಲೆಕ್ಕದ್ದು, ಮೂರು ಸೆಂಟಿಮೀಟರ್ ಎನ್ನಿ. ಇಷ್ಟು ಗಿಡ್ಡ ತರಂಗವನ್ನು ಮಾಮೂಲಿ ತಂತಿಯಲ್ಲಿ ಕಳಿಸಿದರೆ ಶಕ್ತಿ ಸೋರಿಹೋಗುತ್ತದೆ. ಹಾಗಾಗಿ ಲೋಹದ ಕೊಳವೆಯೊಳಗೆ ಹರಿಸಬೇಕು. ವಿದ್ಯುತ್ ಹರಿಯಗೊಡದ ಪ್ಲಾಸ್ಟಿಕ್ಕಿನಂಥ ಕಡ್ಡಿಯೂ ಅದನ್ನು ಹಿಡಿದು ಒಯ್ಯಬಲ್ಲದು, ತುದಿಯಿಂದ ಬೇಕಾದ ದಿಕ್ಕಿಗೆ ಬಿಡಬಲ್ಲದು. ಕಡ್ಡಿ ಎಷ್ಟು ದಪ್ಪವಿರಬೇಕು? ಉದ್ದ ಎಷ್ಟು? ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸಿದರಷ್ಟೇ ಉತ್ತರ. ಗಣಿತದ ಎಂ.ಎಸ್ಸಿ. ಫಲ ಕೊಟ್ಟದ್ದು ಇಲ್ಲಿ. ವಿಮಾನಕ್ಕೆ, ಆಕಾಶನೌಕೆಗೆ ಬೇಕಾದ್ದು ಹಗುರಾದ, ಮೈಯಿಂದ ಹೊರಗೆ ಚಾಚಿ ಗಾಳಿಗೆ ಅಡ್ಡಿಯಾಗದ ಆಂಟೆನಾ. ಇವರ ಸಂಶೋಧನೆ ಹೆಚ್ಚು ಒದಗಿದ್ದು ಅಂಥ ಕೆಲಸಗಳಿಗೆ.

ಸುಮಾರು ನೂರು ಸಂಶೋಧನ ಲೇಖನ, ಇಪ್ಪತ್ತು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳು, ಏಳು ಪುಸ್ತಕ. 1982ರಲ್ಲಿ ನಿವೃತ್ತರಾದ ಮೇಲೆ ರಾಜೇಶ್ವರಿ ಮಹಿಳಾ ಅಧ್ಯಯನದ ಕೆಲಸಕ್ಕೆ ಕೈಹಾಕಿದರು. ಅಜ್ಜಿಯ ದಾರಿ ಮತ್ತೆ ಸಿಕ್ಕಿತು.

ಲ್ಯಾಂಗ್ಲಿಯ ಹೆಂಗಸರ ಕಥೆ 2016ರಲ್ಲಿ ಪುಸ್ತಕವಾಯಿತು, ಸಿನಿಮಾ ಆಯಿತು, ಲೋಕವೆಲ್ಲ ಕಂಡಿತು. ರಾಜೇಶ್ವರಿ ಚಟರ್ಜಿ 2010ರ ಸೆಪ್ಟೆಂಬರ್ 3ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಮಗಳು ಇಂದಿರಾ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಕಲಿಸಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್.