ಪ್ರಾಥಮಿಕ ಹಂತದಲ್ಲಿ ಇತಿಹಾಸ ಬೋಧನೆ: ಆತಕೂರು ಶಾಸನದ ನಿದರ್ಶನ

ಎಂಟು ಹತ್ತು ವರ್ಷದ ಮಗುವಿಗೆ ಅಜ್ಜಿಯ ಬಾಲ್ಯಕ್ಕಿಂತ ಹಿಂದಿನದೆಲ್ಲವೂ ಒಂದೇ ‘ಹಿಂದಿನ ಕಾಲ’. ರಾಜವಂಶಗಳ ಕಾಲಾನುಕ್ರಮಣಿಕೆಯು ಅದಕ್ಕೆ ಕಂಠಪಾಠದ ಹೊರೆಯೇ ಹೊರತು ಇತಿಹಾಸವಲ್ಲ. ಬೋಧನೆಯು ಕಣ್ಣಿಗೆ ಕಾಣುವ ಆಕರದಿಂದ ಆರಂಭವಾಗುವುದು ಯುಕ್ತ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು (ಕ್ರಿ.ಶ. 949–50) ಗಮನಿಸಬಹುದು. ಗಂಗ ಬೂತುಗನಿಂದ ಮಣಲೇರನು ಪಡೆದ ‘ಕಾಳಿ’ ಎಂಬ ನಾಯಿಯು ಕಾಡುಹಂದಿಯೊಡನೆ ಸೆಣಸಿ, ಎರಡೂ ಮಡಿದುದರ ಸ್ಮಾರಕವಿದು. ಆ ಕಾದಾಟದ ಶಿಲ್ಪವೂ ಅಲ್ಲಿದೆ. ಹಳಗನ್ನಡ ತಿಳಿಯದ ಮಗುವೂ ಶಿಲ್ಪವನ್ನು ಓದಬಲ್ಲದು, ನಾಯಿಗೇಕೆ ಕಲ್ಲು ಎಂದು ಕೇಳಬಲ್ಲದು. ಆ ನಾಯಿ ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ದೊರೆತ ಮೆಚ್ಚು; ಹೀಗಾಗಿ ರಾಷ್ಟ್ರಕೂಟ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯರು ಉತ್ತರದೊಳಗೆ ತಾವಾಗಿಯೇ ಬರುತ್ತಾರೆ. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವುದರಿಂದ ದೂರದ ಶಾಲೆಗಳಿಗೆ ಛಾಯಾಚಿತ್ರವೇ ಗತಿ. ಊರಿನಲ್ಲೇ ವೀರಗಲ್ಲೊಂದಿದ್ದರೆ ಮಕ್ಕಳನ್ನು ಅದರ ಮುಂದೆ ಕೂರಿಸುವುದು ಇನ್ನೂ ಲೇಸು.